ಬಚ್ಚಲುಮನೆಯ ಎಂಟುಗಾಲಿನ ಒಕ್ಕಲು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಮಗ್ಗುಲಿಗೆ ಒಂದು ಹಳೆಯ ಹಂಚಿನ ಮನೆ. ಮಳೆ ಹಿಡಿದುಕೊಂಡಿದೆ. ಬಚ್ಚಲೊಲೆಯ ಪಕ್ಕ ಪೇರಿಸಿಟ್ಟ ಸೌದೆಯ ಹಿಂದೆ ಜೇಡವೂ ಅಲ್ಲದ ಚೇಳೂ ಅಲ್ಲದ ಪ್ರಾಣಿಯೊಂದು ಸೇರಿಕೊಂಡಿದೆ ಎಂಬುದು ಮನೆಯ ಅಮ್ಮನ ದೂರು. ಕತ್ತಲಾದ ಮೇಲೆ ಸೊಸೆ ಆ ಕಡೆ ಕಾಲಿಡುತ್ತಿಲ್ಲವಂತೆ.

ಬಚ್ಚಲಿಗೆ ನುಗ್ಗುವ ಮೊದಲು ಜಗಲಿಯಲ್ಲಿ ನೋಡುವುದಿದೆ. ತೊಲೆಯ ಮೂಲೆಯಲ್ಲಿ ಕೂದಲೆಳೆಯಂಥ ಕಾಲುಗಳ ಜೇಡವೊಂದು ತಲೆಕೆಳಗಾಗಿ ತೂಗುತ್ತಿದೆ. ಹಿಡಿಕಡ್ಡಿ ತಾಗಿಸಿದ್ದೇ ತಡ, ಬಲೆ ಸಮೇತ ಗಡಗಡ ಅಲುಗಿ ಕಣ್ಣಿಗೇ ಸರಿಯಾಗಿ ಕಾಣದಷ್ಟು ಮಸುಕಾಗುತ್ತದೆ. ಅದರ ರಕ್ಷಣೋಪಾಯ ಅಷ್ಟೇ. ಹೊರಗೆ ಪಾಚಿಗಟ್ಟಿದ ಗೋಡೆಯ ಮೇಲೂ ಇಂಥದೇ ಉದ್ದಗಾಲಿನದೊಂದು ಕೂತಿದೆ. ದೂರಕ್ಕೆ ಎರಡೂ ಒಂದೇ. ಬಗ್ಗಿ ನೋಡಿದರೆ ಇದಕ್ಕೆ ಸೊಂಟವೇ ಇಲ್ಲ. ಮೈಯೆಲ್ಲ ಒಂದೇ ಉಂಡೆ, ನೆತ್ತಿಯ ಪುಟ್ಟ ಗುಬುಟಿನ ಎರಡು ಬದಿಗೆ ಎರಡು ಕಣ್ಣು. ಓಪಿಲಿಯೋನಿಸ್ ಗುಂಪಿನ ಪ್ರಾಣಿ. ನೂಲು ತೆಗೆಯುವುದಿಲ್ಲ, ವಿಷವೂ ಇಲ್ಲ.

ಎಂಟು ಕಾಲಿದ್ದ ಮಾತ್ರಕ್ಕೆ ಜೇಡವಾಗುವುದಿಲ್ಲ. ತಲೆ-ಎದೆ ಕೂಡಿದ ಮುಂಭಾಗ, ಹಿಂದೆ ಹೊಟ್ಟೆ, ಎರಡರ ನಡುವೆ ಸಣ್ಣ ಸೊಂಟ, ಹಿಂತುದಿಯಲ್ಲಿ ನೂಲು ಬಿಡುವ ಅಂಗ, ಇಷ್ಟೂ ಬೇಕು. ಬಣ್ಣ, ಗಾತ್ರ ನೋಡಿ ಹೆಸರು ಹೇಳುವವರ ಮಾತನ್ನು ನಾನಂತೂ ನಂಬುವುದಿಲ್ಲ. ಒಂದೇ ಜಾತಿಯಲ್ಲಿ ಗಂಡಿನ ವೇಷ ಬೇರೆ, ಹೆಣ್ಣಿನದು ಬೇರೆ.

ಅಡುಗೆಮನೆಯ ಗೋಡೆಗೆ ಅಂಗೈಯಗಲಕ್ಕೆ ಕಾಲು ಚಾಚಿದ ಕಂದು ಜೇಡ ಅಂಟಿಕೊಂಡಿದೆ. ಹೆಟೆರೊಪೋಡಾ ವೆನಟೋರಿಯಾ. ಬಲೆ ಕಟ್ಟುವ ಗೋಜಿಲ್ಲ, ರಾತ್ರಿ ಓಡಾಡಿ ಜಿರಲೆ ಹಿಡಿಯುತ್ತದೆ. ಈ ಹೆಣ್ಣು ಚಪ್ಪಟೆ ಬಿಲ್ಲೆಯಂತಹ ಮೊಟ್ಟೆಚೀಲವನ್ನು ಎದೆಯಡಿಗೆ ಅವುಚಿಕೊಂಡಿದೆ.

“ಇದು ಮೈಮೇಲೆ ಉಚ್ಚೆ ಹೊಯ್ದ್ರೆ ಬೊಕ್ಕೆ ಏಳ್ತದಲ್ಲ ಮಾರಾಯ್ರೆ?” ಅಮ್ಮನ ಪ್ರಶ್ನೆ.

ಊರೂರಲ್ಲೂ ಕೇಳುವ ಮಾತಿದು. ಬೆಳಿಗ್ಗೆ ಎದ್ದಾಗ ಕತ್ತಿನ ಮೇಲೆ ಸುಟ್ಟಂಥ ಗೆರೆ ಇದ್ದರೆ ಅದು ಹೆಚ್ಚಾಗಿ ಪೆಡೆರಸ್ ಎಂಬ ಕಿತ್ತಳೆ-ಕಪ್ಪು ಬಣ್ಣದ ಸಣ್ಣ ಜೀರುಂಡೆಯ ಕೆಲಸ. ಮಳೆಗಾಲದಲ್ಲಿ ದೀಪಕ್ಕೆ ಬರುತ್ತದೆ. ಕಚ್ಚುವುದಿಲ್ಲ, ನಾವೇ ನಿದ್ದೆಗಣ್ಣಲ್ಲಿ ಉಜ್ಜಿ ಅದರ ರಸವನ್ನು ಮೈಗೆ ಬಳಿದುಕೊಳ್ಳುತ್ತೇವೆ. ಸರ್ಪಸುತ್ತೂ ಇರಬಹುದು, ಅದು ವೈರಸ್‌ನಿಂದ ಬರುವಂಥದ್ದು. ಎರಡರ ಅಪವಾದವೂ ಜೇಡದ ತಲೆಗೆ!

ಇನ್ನು ಬಚ್ಚಲು. ಹಂಡೆಯ ಹಿಂದೆ ಮಸಿ ಹಿಡಿದ ಗೋಡೆ. ಟಾರ್ಚ್ ಬಿಟ್ಟಾಗ ಮೊದಲು ಏನೂ ಕಾಣದು. ಆಮೇಲೆ ಗೋಡೆಯ ಒಂದು ಕಡೆ ಮಸಿಯೇ ಸರಿದಾಡಿದ ಹಾಗಾಗುತ್ತದೆ. ತೀರಾ ಚಪ್ಪಟೆ ಮೈ. ಮುಂದೆ ಮುಳ್ಳುಮುಳ್ಳಾದ ಎರಡು ತೋಳು ಮಡಚಿಕೊಂಡಿವೆ. ನಡೆಯುವುದು ಆರೇ ಕಾಲಲ್ಲಿ, ಅದೂ ಅಡ್ಡಡ್ಡ. ಮೊದಲ ಜೋಡಿ ಕಾಲು ಚಾಟಿಯ ಎಳೆಯಾಗಿ ಮೈಯ ಹಲವು ಪಟ್ಟು ಉದ್ದಕ್ಕೆ ಬೆಳೆದಿದೆ. ಒಂದು ಎಳೆ ಸೌದೆಯನ್ನು ಮುಟ್ಟುತ್ತದೆ, ಬಿಡುತ್ತದೆ, ಮತ್ತೆ ಮುಟ್ಟುತ್ತದೆ. ಇನ್ನೊಂದು ನಾವು ನಿಂತ ದಿಕ್ಕಿಗೆ ತಿರುಗಿ ಗಾಳಿಯಲ್ಲಿ ತಡಕಾಡುತ್ತಿದೆ. ಕತ್ತಲಲ್ಲಿ ಬದುಕುವ ಪ್ರಾಣಿಗೆ ಅವೇ ಮೂಗು, ಅವೇ ಬೆರಳು.

ಇದು ಆಂಬ್ಲಿಪೈಜಿ. ಇಂಗ್ಲಿಷಿನವರ ವಿಪ್ ಸ್ಪೈಡರ್. ಜೇಡಕ್ಕೂ ಚೇಳಿಗೂ ದೂರದ ನೆಂಟ. ಬಾಲವಿಲ್ಲ, ಕೊಂಡಿಯಿಲ್ಲ, ವಿಷವಿಲ್ಲ, ನೂಲೂ ಇಲ್ಲ. ಮುಳ್ಳಿನ ತೋಳಿಂದ ಹುಳ ಹಿಡಿದು ತಿನ್ನುವುದೇ ಕಸುಬು. ಮರಿಗಳನ್ನು ಬೆನ್ನ ಮೇಲೆ ಹೊತ್ತು ಸಾಕುತ್ತದೆ. ಘಟ್ಟದ ಕಾಡಿನಲ್ಲಿ ಮರದ ತೊಗಟೆ, ಬಂಡೆ ಸಂದಿ ಇದರ ಮನೆ. ಇಲ್ಲಿಗೆ ಬಹುಶಃ ಸೌದೆಯ ಜೊತೆಗೇ ಬಂದಿದೆ. ಇದರ ಹತ್ತಿರದ ಬಂಧುವೊಂದಿದೆ, ಹಿಂದೆ ದಾರದಂಥ ಬಾಲವಿರುವುದು. ಅದನ್ನು ಕೆಣಕಿದರೆ ಹುಳಿ ವಿನೆಗರ್ ವಾಸನೆಯ ರಸ ಚಿಮ್ಮಿಸುತ್ತದೆ.

ಗುರುತು ಹಿಡಿಯಲು ಫೋಟೋ ತೆಗೆಯುವವರು ಮೇಲಿನಿಂದ ಒಂದು, ಮುಖದ ನೇರಕ್ಕೆ ಒಂದು ತೆಗೆದರೆ ಸಾಕು. ಪಕ್ಕದಲ್ಲಿ ಬೆಂಕಿಕಡ್ಡಿ ಇಟ್ಟರೆ ಅಳತೆಯೂ ಸಿಕ್ಕಿತು. ಚಪ್ಪಲಿಯಲ್ಲಿ ಹೊಡೆದ ಮೇಲೆ ಕಳಿಸಿದ ಫೋಟೋ ನೋಡಿ ಯಾರಿಗೂ ಏನೂ ಹೇಳಲಾಗದು.

“ಹಂಗಾರೆ ಸೌದೆಗೆ ಕೈ ಹಾಕಬೌದಾ?” ಬಾಗಿಲಾಚೆಯಿಂದಲೇ ಸೊಸೆ ಕೇಳಿದರು.

ಕೋಲಲ್ಲಿ ತಟ್ಟಿ ತೆಗೆಯಿರಿ ಎಂದೆ. ಇದರ ಭಯಕ್ಕಲ್ಲ. ಇಂಥ ಸಂದಿಯಲ್ಲೇ ನಿಜವಾದ ಚೇಳೂ ಇರುತ್ತದೆ.