ಫಿಸಿಯೋಥೆರಪಿಗೆ ಬುನಾದಿ ಯಾವುದು?

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದ ನಿಮ್ಮ ಮಗಳು ಫಿಸಿಯೋಥೆರಪಿ ಸೇರುತ್ತೇನೆಂದರೆ, 'ವ್ಯಾಯಾಮ ಹೇಳಿಕೊಡಲು ಮೊದಲ ವರ್ಷವೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಏಕೆ?' ಎಂದು ನೀವು ಕೇಳಬಹುದು.

ಒಂದು ಉದಾಹರಣೆ ನೋಡಿ. ಕಾಲಿನ ಪ್ಲಾಸ್ಟರ್ ಬಿಚ್ಚಿದ ಮೇಲೆ ಕೆಲವರಿಗೆ ಪಾದ ಮೇಲೆತ್ತಲಾಗದೆ ಜೋತುಬೀಳುತ್ತದೆ. ತೊಂದರೆ ಕಾಣುವುದು ಪಾದದಲ್ಲಿ. ಮೂಲ ಮಾತ್ರ ಹಲವು ಸಲ ಮೊಣಕಾಲಿನ ಹೊರಬದಿಯಲ್ಲಿ, ತುಸು ಕೆಳಗೆ. ಅಲ್ಲಿ ನರವೊಂದು ಮೂಳೆಯನ್ನು ಬಳಸಿಕೊಂಡು ಚರ್ಮದಡಿಯಲ್ಲೇ ಸಾಗುತ್ತದೆ. ಪ್ಲಾಸ್ಟರ್ ಒತ್ತಿದರೆ ಅದಕ್ಕೇ ಪೆಟ್ಟು. ಇದನ್ನು ತಿಳಿಸುವುದು ಅಂಗರಚನಾಶಾಸ್ತ್ರ. ನರದ ಸಂದೇಶ ತಪ್ಪಿದ ಸ್ನಾಯು ಏಕೆ ಸೊರಗುತ್ತದೆಂದು ತಿಳಿಸುವುದು ಶರೀರಕ್ರಿಯಾಶಾಸ್ತ್ರ. ಇವೆರಡನ್ನೂ ಅರಿಯದವರು ಪಾದವನ್ನಷ್ಟೇ ತಿಕ್ಕುತ್ತ ಕೂರುತ್ತಾರೆ. ರೋಗಿಯ ದಿನಗಳು ವ್ಯರ್ಥವಾಗುತ್ತವೆ.

ಆದ್ದರಿಂದ ಮಗಳು ಈ ವಿಷಯಗಳನ್ನು ಉರು ಹೊಡೆಯದೆ, ತನ್ನ ಮೂಳೆ, ಸ್ನಾಯುಗಳನ್ನೇ ಮುಟ್ಟಿ ನೋಡಿ ಕಲಿಯಲಿ. ಪಿ.ಯು.ಸಿ. ಜೀವಶಾಸ್ತ್ರದ ಪುಸ್ತಕವನ್ನು ಈಗಲೇ ರದ್ದಿಗೆ ಹಾಕಬೇಡಿ.