ಆಟಿಕೆ ವಿಮಾನ ನಡುವಾನದಲ್ಲಿ ನಿಂತರೆ: ದೋಷ ಮೋಟಾರಿನದ್ದೇ?

ಸೀತಾದೇವಿಯ ಆಭರಣವೊಂದು ಕಾವೇರಿಯ ಮಡುವಿಗೆ ಬಿದ್ದಾಗ ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ಹೊರತೆಗೆದನೆಂಬುದು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಸ್ಥಳಪುರಾಣ. ಅದೇ ಮಡುವಿಗೆ ರಿಮೋಟ್ ನಿಯಂತ್ರಿತ ಪುಟ್ಟ ವಿಮಾನವೊಂದು ಬಿದ್ದರೆ ತೆಗೆದುಕೊಡುವವರು ಯಾರೂ ಇಲ್ಲ. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ಇಲ್ಲಿನ ನೀರಿನಲ್ಲಿ ಸುಳಿಗಳಿವೆ, ಮೊಸಳೆಗಳಿವೆ. ಈಜಲು ಇಳಿದ ಹಲವು ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ.

ಆದ್ದರಿಂದ ವಿಮಾನ ಹಾರುತ್ತಿರುವಾಗಲೇ ಶಕ್ತಿ ಕಳೆದುಕೊಳ್ಳುವುದು ಕೆಲವು ಸಾವಿರ ರೂಪಾಯಿಗಳ ನಷ್ಟವಷ್ಟೇ ಅಲ್ಲ. ಅದು ಎಲ್ಲಿ ಬೀಳುತ್ತದೆ, ಅದರ ಹಿಂದೆ ಯಾರು ಓಡುತ್ತಾರೆ ಎಂಬುದೇ ಮುಖ್ಯ. ಈ ದೋಷವನ್ನು ಬಹುತೇಕ ಸಂದರ್ಭಗಳಲ್ಲಿ ನೆಲದ ಮೇಲೆಯೇ ಪತ್ತೆಹಚ್ಚಬಹುದು.

ಮೊದಲ ಪ್ರಶ್ನೆ

ವಿಮಾನ ನಿಂತೊಡನೆ ಅನುಮಾನ ಮೋಟಾರಿನ ಮೇಲೆ ಹೋಗುವುದು ಸಹಜ. ಆದರೆ ಇಂದಿನ ಬ್ರಷ್‌ರಹಿತ ಮೋಟಾರಿನಲ್ಲಿ ಬೇರಿಂಗ್ ಹೊರತು ಸವೆಯುವ ಭಾಗವೇ ಇಲ್ಲ. ಹುಡುಕಾಟವನ್ನು ಬೇರೊಂದು ಪ್ರಶ್ನೆಯಿಂದ ಆರಂಭಿಸಬೇಕು: ಮೋಟಾರ್ ನಿಂತಾಗ ರೆಕ್ಕೆ, ಬಾಲಗಳ ಚಲಿಸುವ ಭಾಗಗಳು ರಿಮೋಟ್‌ನ ಮಾತು ಕೇಳುತ್ತಿದ್ದವೇ?

ಕೇಳುತ್ತಿದ್ದವು ಎಂದಾದರೆ ಮೊದಲು ಬ್ಯಾಟರಿಯನ್ನು ಶಂಕಿಸಬೇಕು. ಮೋಟಾರಿನ ವೇಗ ನಿಯಂತ್ರಿಸುವ ಸ್ಪೀಡ್ ಕಂಟ್ರೋಲರ್, ಬ್ಯಾಟರಿಯ ವೋಲ್ಟೇಜ್ ಪ್ರತಿ ಸೆಲ್ಲಿಗೆ ಸುಮಾರು 3ರಿಂದ 3.3 ವೋಲ್ಟ್‌ಗೆ ಇಳಿದರೆ ಮೋಟಾರನ್ನು ತಾನಾಗಿ ನಿಲ್ಲಿಸುತ್ತದೆ ಅಥವಾ ನಿಧಾನಗೊಳಿಸುತ್ತದೆ. ಉಳಿದ ವಿದ್ಯುತ್ತಿನಲ್ಲಿ ವಿಮಾನವನ್ನು ಇಳಿಸಿಕೊಳ್ಳಲಿ ಎಂಬುದೇ ಈ ವ್ಯವಸ್ಥೆಯ ಉದ್ದೇಶ.

ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲೂ ಹೀಗಾಗುವುದುಂಟು. ಮೂರು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ ತುಂಬಿದಾಗ 12.6 ವೋಲ್ಟ್ ತೋರಿಸುತ್ತದೆ. ಅದು ಹಳತಾದಂತೆ ಆಂತರಿಕ ರೋಧ ಹೆಚ್ಚುತ್ತದೆ. ರೋಧ 0.1 ಓಮ್ ಇದ್ದು ಮೋಟಾರ್ 15 ಆಂಪಿಯರ್ ಎಳೆದರೆ 1.5 ವೋಲ್ಟ್ ಕುಸಿಯುತ್ತದೆ, ವಿಮಾನ ಹಾರುತ್ತದೆ. ರೋಧ 0.2 ಓಮ್ ಆದರೆ 3 ವೋಲ್ಟ್ ಕುಸಿದು 9.6 ಮಾತ್ರ ಉಳಿಯುತ್ತದೆ, ಅಂದರೆ ಸೆಲ್ಲಿಗೆ 3.2. ಥ್ರಾಟಲ್ ಏರಿಸಿದ ಕ್ಷಣವೇ ಮೋಟಾರ್ ಕಡಿತಗೊಳ್ಳಬಹುದು. ಇಳಿಸಿದ ಮೇಲೆ ಮೀಟರ್ ಹಿಡಿದರೆ ವೋಲ್ಟೇಜ್ ಮತ್ತೆ ಮೇಲೇರಿರುತ್ತದೆ. ಬ್ಯಾಟರಿ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ.

ಎಲ್ಲವೂ ಸ್ತಬ್ಧವಾದರೆ

ಮೋಟಾರಿನೊಂದಿಗೆ ಸರ್ವೊಗಳೂ ನಿಂತಿದ್ದರೆ ಬ್ಯಾಟರಿಯ ಕನೆಕ್ಟರ್ ಸಡಿಲವಾಗಿರಬಹುದು, ಬೆಸುಗೆ ಬಿಟ್ಟಿರಬಹುದು, ರಿಸೀವರಿಗೆ ವಿದ್ಯುತ್ ಕೊಡುವ ಭಾಗ ಕೆಟ್ಟಿರಬಹುದು ಅಥವಾ ರೇಡಿಯೋ ಸಂಪರ್ಕವೇ ತಪ್ಪಿರಬಹುದು. ಹಾರಾಟದ ನಂತರ ಕನೆಕ್ಟರ್ ಮುಟ್ಟಿದರೆ ಬಿಸಿಯಾಗಿದೆ ಎಂದಾದಲ್ಲಿ ಅಲ್ಲಿ ಸಂಪರ್ಕ ಸರಿಯಿಲ್ಲವೆಂದೇ ಅರ್ಥ.

ಮೋಟಾರ್ ಭೋರ್ಗರೆದರೂ ವಿಮಾನ ಮುಂದೆ ಸಾಗದಿದ್ದರೆ ಪ್ರೊಪೆಲ್ಲರ್ ಹಿಡಿದಿಡುವ ನಟ್ಟು ಸಡಿಲವಾಗಿರಬಹುದು ಅಥವಾ ಪ್ರೊಪೆಲ್ಲರನ್ನೇ ಹಿಂದುಮುಂದಾಗಿ ಜೋಡಿಸಿರಬಹುದು. ಮೋಟಾರ್ ತಿರುಗದೆ ತಡವರಿಸಿ ನಡುಗಿದರೆ ಅದರ ಮೂರು ತಂತಿಗಳಲ್ಲಿ ಒಂದರ ಸಂಪರ್ಕ ತಪ್ಪಿರುವ ಸಾಧ್ಯತೆ ಹೆಚ್ಚು. ಕೆಲವು ನಿಮಿಷ ಚೆನ್ನಾಗಿ ಹಾರಿ ಬಳಿಕ ಸೊರಗಿದರೆ ಕಂಟ್ರೋಲರ್ ಕಾದಿದೆಯೇ ಎಂದು ನೋಡಬೇಕು. 8 ಇಂಚಿನ ಬದಲು 9 ಇಂಚಿನ ಪ್ರೊಪೆಲ್ಲರ್ ಹಾಕಿ, ಅದೇ ವೇಗದಲ್ಲಿ ತಿರುಗಿಸಬೇಕಾದರೆ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಆ ಹೊರೆ ಬೀಳುವುದು ಬ್ಯಾಟರಿ ಮತ್ತು ಕಂಟ್ರೋಲರ್ ಮೇಲೆ.

ನೆಲದ ಮೇಲಿನ ಪರೀಕ್ಷೆ

ತಂತಿ, ಬೆಸುಗೆಗಳನ್ನು ಪರಿಶೀಲಿಸುವಾಗ ಪ್ರೊಪೆಲ್ಲರ್ ಕಳಚಿಡಬೇಕು. ಬಳಿಕ ಅದನ್ನು ಜೋಡಿಸಿ, ವಿಮಾನವನ್ನು ಭದ್ರವಾಗಿ ಕಟ್ಟಿ, ಬ್ಯಾಟರಿಗೂ ಕಂಟ್ರೋಲರಿಗೂ ನಡುವೆ ವಾಟ್ ಮೀಟರ್ ಸೇರಿಸಿ, ಹಿಂದೆ ನಿಂತು ಪೂರ್ಣ ಥ್ರಾಟಲ್ ಕೊಡಬೇಕು. ಪ್ರೊಪೆಲ್ಲರಿನ ಎದುರಿಗಾಗಲೀ ಪಕ್ಕದಲ್ಲಾಗಲೀ ನಿಲ್ಲಬಾರದು. ಹೊರೆ ಬಿದ್ದಾಗ ಮೀಟರ್ ತೋರುವ ವೋಲ್ಟೇಜೇ ನಿಜವಾದದ್ದು. ಆಂಪಿಯರ್ ಪ್ರಮಾಣ ಕಂಟ್ರೋಲರಿನ ಮಿತಿಯನ್ನು ಮೀರಬಾರದು. ಬ್ಯಾಟರಿ ಬದಲಿಸಿ ಇದೇ ಪರೀಕ್ಷೆ ಮಾಡಿದರೆ ದೋಷ ಯಾವುದರದ್ದೆಂಬುದು ಬೇಗ ತಿಳಿಯುತ್ತದೆ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು.

ಇಷ್ಟಾಗಿಯೂ ಆಕಾಶದಲ್ಲಿ ಮೋಟಾರ್ ನಿಂತರೆ ಮೂತಿಯನ್ನು ತುಸು ತಗ್ಗಿಸಿ ವೇಗ ಉಳಿಸಿಕೊಳ್ಳಬೇಕು. ಎತ್ತರ ಸಾಲದಿದ್ದಾಗ ತನ್ನತ್ತ ತಿರುಗಿಸಲು ಹೋಗದೆ ನೇರವಾಗಿ ಇಳಿಸುವುದೇ ಕ್ಷೇಮ. ಥ್ರಾಟಲನ್ನು ಸೊನ್ನೆಗೆ ತಂದು ಮೆಲ್ಲನೆ ಏರಿಸಿದರೆ ಅಲ್ಪ ಶಕ್ತಿ ಮರಳುವುದುಂಟು. ಅದು ಇಳಿಸಲಿಕ್ಕೆ, ಮತ್ತೊಂದು ಸುತ್ತು ಹಾಕಲಿಕ್ಕಲ್ಲ.

ಎಲ್ಲಿ ಹಾರಿಸಬಾರದು

ನೆಲಕ್ಕಪ್ಪಳಿಸಿ ಜಜ್ಜಿಹೋದ ಲಿಥಿಯಂ ಬ್ಯಾಟರಿ ಹಲವು ನಿಮಿಷಗಳ ನಂತರವೂ ಹೊತ್ತಿಕೊಳ್ಳಬಲ್ಲದು. ಮುತ್ತತ್ತಿ ಇರುವುದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದಲ್ಲಿ. ಬೇಸಿಗೆಯಲ್ಲಿ ಇಲ್ಲಿನ ಎಲೆಯುದುರುವ ಕಾಡು ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಂತಹ ಜಾಗದಲ್ಲಿ ವಿಮಾನ ಹಾರಿಸುವಂತಿಲ್ಲ. ಬೇರೆಡೆ ಹಾರಿಸುವವರೂ ಆ ಸ್ಥಳ 2021ರ ಡ್ರೋನ್ ನಿಯಮಗಳ ಹಸಿರು, ಹಳದಿ, ಕೆಂಪು ವಲಯಗಳಲ್ಲಿ ಯಾವುದಕ್ಕೆ ಸೇರಿದೆ ಎಂದು ಮೊದಲೇ ನೋಡಿಕೊಳ್ಳಬೇಕು.

ವಾರಾಂತ್ಯಕ್ಕೆ ಮುತ್ತತ್ತಿಗೆ ಹೊರಡುವವರು ವಿಮಾನವನ್ನು ಮನೆಯಲ್ಲೇ ಬಿಟ್ಟು ಹೋಗುವುದು ಲೇಸು. ಎಲ್ಲಿಯೇ ಆಗಲಿ, ನೀರಿಗೆ ಬಿದ್ದ ವಿಮಾನ ನೀರಿಗೇ ಹೋಯಿತೆಂದು ತಿಳಿಯಬೇಕು. ಅದರ ಹಿಂದೆ ಮಕ್ಕಳು ಇಳಿಯದಂತೆ ನೋಡಿಕೊಳ್ಳುವುದೇ ಹಿರಿಯರ ಮೊದಲ ಕೆಲಸ.