ಕಾಡ್ಗಿಚ್ಚಿನ ನಿವಾರಣೆ: ಬೆಂಕಿ ರೇಖೆಯ ಉಪಯೋಗ

ಒಣಹುಲ್ಲು, ತರಗೆಲೆ, ಲಂಟಾನದ ಪೊದೆ ಇವು ಹೆಚ್ಚಿದಷ್ಟೂ ಕಾಡ್ಗಿಚ್ಚು ಪ್ರಬಲವಾಗುತ್ತದೆ. 2019ನೆಯ ಇಸವಿಯ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಬೆಂಕಿಯು 10,000 ಎಕರೆಗೂ ಮಿಕ್ಕ ಅರಣ್ಯವನ್ನು ಸುಟ್ಟಿತು.

ಇದನ್ನು ತಡೆಯತಕ್ಕ ಉಪಾಯವೇ ಬೆಂಕಿ ರೇಖೆ. ಕಾಡಿನ ಅಂಚಿನಲ್ಲಿಯೂ ರಸ್ತೆಯ ಎರಡು ಪಕ್ಕಗಳಲ್ಲಿಯೂ ಹುಲ್ಲನ್ನು ಪಟ್ಟಿಯಾಗಿ ಕೊಯ್ದು, ಒಣಗಿಸಿ, ಬೇಸಿಗೆಗೆ ಮುಂಚೆ ಗಾಳಿಯಿಲ್ಲದ ಹೊತ್ತಿನಲ್ಲಿ ಕಾವಲಿಟ್ಟು ಸುಡಬೇಕು. ಸುಡತಕ್ಕ ವಸ್ತುವಿಲ್ಲದ ನೆಲವನ್ನು ಕಿಚ್ಚು ಸುಲಭವಾಗಿ ದಾಟಲಾರದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ತತ್ತ್ವವನ್ನು ಬಹುಕಾಲದಿಂದ ಬಲ್ಲವರು. ನೆಲದಲ್ಲಿ ತೇವವು ಪೂರ್ತಿ ಆರುವ ಮೊದಲೇ ಅವರು ಇಡುತ್ತಿದ್ದ ‘ತರಗು ಬೆಂಕಿ’ಯು ಮೆಲ್ಲಗೆ ಹರಿದು ತರಗನ್ನು ಮಾತ್ರ ಸುಡುತ್ತಿತ್ತು. 1974ರಲ್ಲಿ ಆ ಪ್ರದೇಶವು ವನ್ಯಜೀವಿಧಾಮವಾದ ಬಳಿಕ ಈ ವಾಡಿಕೆಗೆ ತಡೆಯುಂಟಾಯಿತು. ಮುಂದಿನ ವರ್ಷಗಳಲ್ಲಿ ಲಂಟಾನವು ಬಹಳವಾಗಿ ಹಬ್ಬಿತು.

ಆದರೆ ಅಪ್ಪಣೆಯಿಲ್ಲದೆ ಮೀಸಲು ಅರಣ್ಯಕ್ಕೆ ಬೆಂಕಿಯಿಡುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ. ಆದಕಾರಣ ಕಾಡಂಚಿನ ರೈತರು ಹೊಲದ ಕೂಳೆಯನ್ನು ಸುಡದೆ ಉತ್ತು ಮಣ್ಣಿಗೆ ಸೇರಿಸುವುದು ಲೇಸು. ಗ್ರಾಮದ ಮುಖಂಡರು ಸುಗ್ಗಿಗೆ ಮುಂಚೆಯೇ ಅರಣ್ಯಾಧಿಕಾರಿಗಳನ್ನು ಕಂಡು, ರೇಖೆಯ ಕೆಲಸಕ್ಕೆ ಆಳುಗಳನ್ನು ಗೊತ್ತುಮಾಡತಕ್ಕದ್ದು. ಹೊಗೆ ಕಂಡವರು ಒಡನೆಯೇ ಸಮೀಪದ ಅರಣ್ಯ ಕಚೇರಿಗೆ ಸುದ್ದಿ ಮುಟ್ಟಿಸತಕ್ಕದ್ದು.